ಮಿಕ್ಸಿ ನಿಂತುಹೋಯಿತಾ? ಮೊದಲು ಜಾರ್ ತೆಗೆದು ನೋಡಿ

ಯುಗಾದಿ ಬೆಳಗ್ಗೆ ಹೂರಣ ರುಬ್ಬುತ್ತಿದ್ದೆ. ಎರಡನೇ ಜಾರ್ ಅರ್ಧಕ್ಕೆ ಬಂದಾಗ ಮಿಕ್ಸಿ ಒಮ್ಮೆ ಗುರ್ ಅಂದು ನಿಂತೇ ಹೋಯಿತು. ಸ್ವಿಚ್ ತಿರುಗಿಸಿದರೆ ಸದ್ದೇ ಇಲ್ಲ. "ಮೋಟಾರ್ ಸುಟ್ಟುಹೋಯ್ತು ಬಿಡಮ್ಮ, ಒರಳು ತೊಳೀತೀನಿ" ಅಂದರು ಅತ್ತೆ. ಪ್ಲಗ್ ತೆಗೆದು ಮಿಕ್ಸಿಯನ್ನು ಮಗುಚಿ ನೋಡಿದೆ. ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ಬಟನ್ ಹೊರಗೆ ಬಂದಿತ್ತು. ಅಷ್ಟೇ ಆಗಿದ್ದದ್ದು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ಬಟನ್ ಒಳಗೆ ಒತ್ತಿ, ಹೂರಣವನ್ನು ಸ್ವಲ್ಪ ಸ್ವಲ್ಪವೇ ಹಾಕಿದೆ. ಹೋಳಿಗೆ ಆಯಿತು.

ಇದಕ್ಕೂ ಮುಂಚೆ ಇದ್ದ ಮಿಕ್ಸಿಯ ಕತೆ ಬೇರೆ. ಅದೂ ಹೀಗೇ ನಿಂತಿತ್ತು. ಆಗ ಗೊತ್ತಿಲ್ಲದೆ ಮೂರು ನಂಬರ್‌ಗೆ ತಿರುಗಿಸಿ, ಆಫ್ ಮಾಡಿ, ಮತ್ತೆ ತಿರುಗಿಸಿ, ಹೊಗೆ ಬರುವವರೆಗೂ ಬಿಡಲಿಲ್ಲ. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಹೋಯಿತು. ಬಿಚ್ಚಿದ ಮೇಲೆ ಗೊತ್ತಾಯಿತು, ಮೊದಲು ಕೆಟ್ಟಿದ್ದು ಮೋಟಾರ್ ಅಲ್ಲ, ಜಾರಿನ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ತಳದ ಬಳೆ. ತಿರುಗದ ಜಾರನ್ನು ಬಲವಂತವಾಗಿ ತಿರುಗಿಸಲು ಹೋಗಿ ಚೆನ್ನಾಗಿದ್ದ ಮೋಟಾರ್ ಸುಟ್ಟಿತ್ತು. ಆಮೇಲೆ ನಮ್ಮನೆಯದು, ಅಕ್ಕಪಕ್ಕದವರದು ಅಂತ ಎಷ್ಟೋ ಮಿಕ್ಸಿ ನೋಡಿದ್ದೇನೆ. ಹೆಚ್ಚಿನ ಸಲ ದೋಷ ಜಾರಿನಲ್ಲೇ ಇರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೈ ಹಾಕುವ ಮುಂಚೆ

ಪ್ಲಗ್ ಕಿತ್ತಿಡಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು. ಬ್ಲೇಡ್ ಮುಟ್ಟುವಾಗ, ಕಪ್ಲರ್ (ಮೋಟಾರನ್ನೂ ಜಾರನ್ನೂ ಜೋಡಿಸುವ ಹಲ್ಲಿನ ಬಿಲ್ಲೆ) ತಿರುಗಿಸಿ ನೋಡುವಾಗ, ಮಗುಚುವಾಗ, ಯಾವಾಗಲೂ ಹೀಗೇ. ಕೈ ಒಣಗಿರಲಿ, ಕಟ್ಟೆ ಒಣಗಿರಲಿ. ಬ್ಲೇಡನ್ನು ಬರಿಗೈಯಲ್ಲಿ ತಿರುಗಿಸಬೇಡಿ, ಮರದ ಸೌಟಿನ ಹಿಡಿಯಿಂದ ತಳ್ಳಿ. ಮಕ್ಕಳು ಪಕ್ಕದಲ್ಲಿದ್ದರೆ ಈ ಕೆಲಸ ಆಮೇಲೆ ಇಟ್ಟುಕೊಳ್ಳಿ.

ಮಿಕ್ಸಿಯ ಬುಡ ಬಿಚ್ಚುವ ಕೆಲಸವನ್ನು ನಾನು ಇಲ್ಲಿ ಹೇಳಿಕೊಡುವುದಿಲ್ಲ. ಇಲ್ಲಿ ಹೇಳಿರುವುದೆಲ್ಲ ಸ್ಕ್ರೂ ಬಿಚ್ಚದೆ ನೋಡಬಹುದಾದದ್ದು. ವಾರಂಟಿ ಇದ್ದರೆ ಅದೂ ಉಳಿಯುತ್ತದೆ.

ಮೂರು ಸೆಕೆಂಡಿನ ಪರೀಕ್ಷೆ

ಹೊಗೆ ಬಂದಿದ್ದರೆ, ಶಾಕ್ ಹೊಡೆದಿದ್ದರೆ, ಎಂಸಿಬಿ (ಮನೆಯ ಮೇನ್ ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್) ಬಿದ್ದಿದ್ದರೆ, ಮೋಟಾರಿಗೆ ನೀರು ಇಳಿದಿದ್ದರೆ ಈ ಪರೀಕ್ಷೆ ಬೇಡ. ಬೇರೆ ಯಾವ ತೊಂದರೆಯೇ ಇರಲಿ, ಮೊದಲು ಇದನ್ನು ಮಾಡಿ. ಜಾರ್ ತೆಗೆದಿಡಿ. ಸೆರಗು, ಜಡೆ, ಬಳೆ ದೂರ ಇರಲಿ. ಬರೀ ಮೋಟಾರನ್ನು ಒಂದನೇ ನಂಬರಿನಲ್ಲಿ ಎರಡು ಮೂರು ಸೆಕೆಂಡ್ ಓಡಿಸಿ ಆಫ್ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಹೊರೆ ಇಲ್ಲದಿದ್ದರೆ ಈ ಬಗೆಯ ಮೋಟಾರ್ ತುಂಬಾ ವೇಗ ಹಿಡಿಯುತ್ತದೆ.

ಸರಾಗವಾಗಿ ತಿರುಗಿತಾ? ಹಾಗಾದರೆ ತೊಂದರೆ ಜಾರಿನಲ್ಲಿದೆ, ಇಲ್ಲವೇ ನೀವು ಹಾಕಿದ ಪದಾರ್ಥದಲ್ಲಿದೆ. ಇನ್ನೊಂದು ಜಾರ್ ಕೂರಿಸಿ ಓಡಿಸಿದರೆ ಖಾತ್ರಿಯಾಗುತ್ತದೆ. ಚಟ್ನಿ ಜಾರ್ ತಿರುಗಿ, ದೊಡ್ಡ ಜಾರ್ ತಿರುಗದಿದ್ದರೆ ಮೋಟಾರನ್ನು ಬೈಯುವ ಅಗತ್ಯವೇ ಇಲ್ಲ. ಜಾರ್ ಇಲ್ಲದೆಯೂ ತಿರುಗಲಿಲ್ಲ ಅಂದರೆ ಮಾತ್ರ ಕರೆಂಟು, ಸ್ವಿಚ್ಚು, ಮೋಟಾರ್ ಕಡೆ ನೋಡಬೇಕು.

ಒಂದು ಮಾತು ನೆನಪಿರಲಿ. ಕೆಲವು ಮಾಡೆಲ್‌ಗಳಲ್ಲಿ ಜಾರ್ ಸರಿಯಾಗಿ ಕೂತು ಲಾಕ್ ಆಗದಿದ್ದರೆ ಮೋಟಾರ್ ಓಡುವುದೇ ಇಲ್ಲ. ಅಂಥ ಮಿಕ್ಸಿಗೆ ಬೇರೆ ಜಾರ್ ಹಾಕಿ ನೋಡುವುದೇ ದಾರಿ.

ಏನೂ ಸದ್ದೇ ಇಲ್ಲ

ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅಡುಗೆಮನೆಯ ಸಾಕೆಟ್ ಒಳಗಿನ ಹಿತ್ತಾಳೆ ಸಡಿಲವಾಗಿ ಪ್ಲಗ್ ಪಿನ್ನನ್ನು ಹಿಡಿಯದೇ ಇರುವುದು ತುಂಬಾ ಸಾಮಾನ್ಯ. ಪ್ಲಗ್ ಅಲ್ಲಾಡಿಸಿದಾಗ ಮಿಕ್ಸಿ ಬಂದು ಹೋಗುತ್ತಿದ್ದರೆ ಸಾಕೆಟ್ ಬದಲಿಸಬೇಕು. ಪಿನ್ ಕಪ್ಪಗಾಗಿದ್ದರೆ ಅಲ್ಲಿ ಬಿಸಿಯಾಗಿ ಕಿಡಿ ಹಾರಿದೆ ಅಂತ ಅರ್ಥ. ಹಾಗೇ ಬಳಸಬೇಡಿ.

ಕರೆಂಟ್ ಇದೆಯಾ? ಸರಿ. ಈಗ ಮಗುಚಿ ಕೆಂಪು ಬಟನ್ ನೋಡಿ. ಇದಕ್ಕೆ ಓವರ್‌ಲೋಡ್ ಬಟನ್ ಅನ್ನುತ್ತಾರೆ. ಮೋಟಾರ್ ಮೇಲೆ ತಡೆಯಲಾರದಷ್ಟು ಹೊರೆ ಬಿದ್ದರೆ ಇದು ತಾನೇ ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಕೆಲವು ಮಿಕ್ಸಿಗಳಲ್ಲಿ ಬಣ್ಣ ಕಪ್ಪು ಇರುತ್ತದೆ, ಕೆಲವದರಲ್ಲಿ ಹಿಂಬದಿಯಲ್ಲಿರುತ್ತದೆ. ಸ್ವಿಚ್ಚನ್ನು ಸೊನ್ನೆಗೆ ತನ್ನಿ. ಅರ್ಧ ಗಂಟೆ ಬಿಡಿ. ಜಾರಿನಿಂದ ಅರ್ಧ ತೆಗೆಯಿರಿ. ಆಮೇಲೆ ಬಟನ್ ಒತ್ತಿ. ಟಿಕ್ ಅಂತ ಕೂತರೆ ಮುಗಿಯಿತು. ಕೂರದಿದ್ದರೆ ಇನ್ನೂ ಬಿಸಿ ಇದೆ, ಇನ್ನಷ್ಟು ಹೊತ್ತು ಕಾಯಿರಿ.

ಬಟನ್ ಪದೇ ಪದೇ ಹಾರುತ್ತಿದ್ದರೆ ಅದು ಬಟನ್ನಿನ ದೋಷವಲ್ಲ. ಅದು ಎಚ್ಚರಿಕೆ ಹೇಳುತ್ತಿದೆ. ಅದನ್ನು ಬೆರಳಲ್ಲಿ ಒತ್ತಿಹಿಡಿದು ರುಬ್ಬುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಬಟನ್ ಸರಿಯಿದ್ದರೆ ವೈರ್ ನೋಡಿ. ಮಿಕ್ಸಿಯಿಂದ ಹೊರಬರುವ ಜಾಗದಲ್ಲಿ ಬಗ್ಗಿ ಬಗ್ಗಿ ಒಳಗೇ ತುಂಡಾಗಿರುತ್ತದೆ. ಇಲಿ ಕಡಿದಿರುವುದೂ ಉಂಟು. ಟೇಪ್ ಸುತ್ತಿ ಸುಧಾರಿಸಬೇಡಿ, ವೈರ್ ಪೂರ್ತಿ ಬದಲಿಸಿ. ವೈರೂ ಚೆನ್ನಾಗಿದ್ದರೆ ಉಳಿದಿದ್ದು ಸ್ವಿಚ್ ಮತ್ತು ಕಾರ್ಬನ್ ಬ್ರಷ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇದ್ದಿಲಿನಂಥ ತುಂಡುಗಳು. ಅವೆರಡೂ ರಿಪೇರಿ ಅಂಗಡಿಯ ಕೆಲಸ. ಒಂದು ಮತ್ತು ಎರಡನೇ ನಂಬರಿನಲ್ಲಿ ಓಡದೆ ಮೂರರಲ್ಲಿ ಮಾತ್ರ ಓಡಿದರೆ ಸ್ವಿಚ್ ಮೇಲೆ ಅನುಮಾನ ಜಾಸ್ತಿ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಇದು ಬಹಳ ಅಪಾಯದ ಸದ್ದು. ಕೇಳಿದ ತಕ್ಷಣ ಆಫ್ ಮಾಡಿ. ತಿರುಗುವಾಗಲಷ್ಟೇ ಮೋಟಾರಿನ ಒಳಗಿನ ಫ್ಯಾನ್ ಗಾಳಿ ಎಳೆಯುತ್ತದೆ. ತಿರುಗದೆ ನಿಂತ ಮೋಟಾರಿಗೆ ಗಾಳಿಯೂ ಇಲ್ಲ, ಅದು ಎಳೆಯುವ ಕರೆಂಟೂ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ವೈಂಡಿಂಗ್, ಅಂದರೆ ಮೋಟಾರಿನ ತಂತಿಯ ಸುತ್ತು, ಸುಡಲು ತುಂಬಾ ಹೊತ್ತೇನೂ ಬೇಕಿಲ್ಲ.

ಪ್ಲಗ್ ತೆಗೆದು ಜಾರ್ ಎತ್ತಿ, ಖಾಲಿ ಮಾಡಿ. ಜಾರಿನ ಅಡಿಯ ಕಪ್ಲರನ್ನು ಬೆರಳಿನಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಎರಡು ಕಾರಣ. ಒಂದು, ಬ್ಲೇಡ್ ಕೆಳಗೆ ಏನೋ ಸಿಕ್ಕಿಕೊಂಡಿದೆ. ಕೊಬ್ಬರಿ ಚೂರು, ಹುಣಸೆಬೀಜ, ನಿನ್ನೆ ರಾತ್ರಿ ತೊಳೆಯದೆ ಬಿಟ್ಟ ಉದ್ದಿನಹಿಟ್ಟು ಒಣಗಿ ಗಾರೆಯಂತೆ ಆಗಿರುವುದು, ಹೀಗೆ. ಬಿಸಿನೀರು ಹಾಕಿ ಒಂದು ಗಂಟೆ ನೆನೆಯಲು ಬಿಡಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಅಷ್ಟಕ್ಕೇ ಸರಿಹೋಗುವುದೇ ಹೆಚ್ಚು.

ಎರಡು, ಬುಷ್ ಹಿಡಿದುಕೊಂಡಿದೆ. ಬ್ಲೇಡಿನ ಕಡ್ಡಿ ಜಾರಿನ ತಳದಲ್ಲಿ ಒಂದು ಲೋಹದ ಬಳೆಯೊಳಗೆ ತಿರುಗುತ್ತದೆ. ಅದೇ ಬುಷ್. ಉಪ್ಪು, ಹುಣಸೆಹುಳಿ ಇಳಿದು ಅಲ್ಲಿ ತುಕ್ಕು, ಕಿಲುಬು ಕಟ್ಟುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಜಾರಿಗೆ ಇದು ತಪ್ಪಿದ್ದಲ್ಲ. ಜಾರನ್ನು ಮಗುಚಿ ಕಪ್ಲರಿನ ಸಂದಿಗೆ ಎರಡು ಹನಿ ಅಡುಗೆ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಮುಂದೆ ತಿರುಗಿಸಿ. ಬಿಟ್ಟುಕೊಂಡರೆ ಸೋಪುನೀರು ಹಾಕಿ ಒಂದು ಸುತ್ತು ಓಡಿಸಿ ತೊಳೆಯಿರಿ. ಹೊಲಿಗೆ ಮಿಷನ್ನಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಬೇಡ. ಅದು ನೇರ ಚಟ್ನಿಗೆ ಇಳಿಯುತ್ತದೆ. ಎಣ್ಣೆಗೂ ಬಗ್ಗದಿದ್ದರೆ ಬುಷ್ ಬದಲಿಸಬೇಕು. ಜಾರ್ ಮಾತ್ರ ಅಂಗಡಿಗೆ ಒಯ್ದರೆ ಸಾಕು.

ಮೋಟಾರ್ ಓಡುತ್ತದೆ, ಬ್ಲೇಡ್ ತಿರುಗುವುದಿಲ್ಲ, ಕಟಕಟ ಸದ್ದು

ಕಪ್ಲರ್ ಸವೆದಿದೆ. ಮೋಟಾರಿನ ತಲೆ ಮೇಲೆ ಒಂದು, ಜಾರಿನ ಅಡಿಗೆ ಒಂದು, ಹೀಗೆ ಎರಡು ಕಪ್ಲರ್‌ಗಳ ಹಲ್ಲು ಒಂದರೊಳಗೊಂದು ಕೂತು ತಿರುಗುತ್ತವೆ. ನಮ್ಮ ಪಕ್ಕದ ಮನೆಯ ಮಿಕ್ಸಿಯಲ್ಲಿ ಮೇಲಿನ ಕಪ್ಲರಿನ ಹಲ್ಲುಗಳು ಉಪಯೋಗಿಸಿ ಉಳಿದ ಸೋಪಿನ ಹಾಗೆ ದುಂಡಗಾಗಿದ್ದವು. ಸುತ್ತಲೂ ಕಾಡಿಗೆ ಹುಡಿಯಂಥ ಕಪ್ಪು ಪುಡಿ. ಬೆರಳಿಗೆ ಒತ್ತಿದರೆ ಅಂಟುತ್ತಿತ್ತು, ರಬ್ಬರ್ ವಾಸನೆ. ಆ ಪುಡಿ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ.

ಕಪ್ಲರ್ ಅಗ್ಗದ ಸಾಮಾನು. ಅದು ಸವೆಯುವುದು ಒಳ್ಳೆಯದೇ, ತಾನು ಸವೆದು ಮೋಟಾರನ್ನು ಉಳಿಸುತ್ತದೆ. ಆದರೆ ಬೇರೆ ಮಾಡೆಲ್ಲಿನದು ಕೂರುವುದಿಲ್ಲ. ಹಳೆಯದನ್ನು ಜೊತೆಗೆ ಒಯ್ದು ಹಲ್ಲಿನ ಲೆಕ್ಕ ಹೊಂದಿಸಿ ತನ್ನಿ. ಮೋಟಾರಿನ ಕಪ್ಲರನ್ನು ಮನೆಯಲ್ಲೇ ಬಿಚ್ಚುವ ರೂಢಿ ಇದ್ದರೆ ಒಂದು ಗುಟ್ಟು ಹೇಳುತ್ತೇನೆ. ಮೋಟಾರ್ ಯಾವ ಕಡೆಗೆ ತಿರುಗುತ್ತದೋ ಅದೇ ಕಡೆಗೆ ತಿರುಗಿಸಿದರೆ ಕಪ್ಲರ್ ಬಿಚ್ಚಿಕೊಳ್ಳುತ್ತದೆ. ಉಲ್ಟಾ ತಿರುಗಿಸಿದಷ್ಟೂ ಬಿಗಿಯಾಗುತ್ತದೆ. ಹೊಸದು ಹಾಕುವಾಗ ಎರಡೂ ಕಡೆಯದನ್ನು ನೋಡಿ. ಕೆಳಗಿನದು ಹೊಸದಾಗಿ ಜಾರಿನದು ಹಳೆಯದಾಗೇ ಇದ್ದರೆ, ಸವೆದ ಹಲ್ಲು ಹೊಸದನ್ನೂ ಬೇಗ ತಿನ್ನುತ್ತದೆ.

ಜಾರ್ ಪೂರ್ತಿ ನಿಂತ ಮೇಲೆಯೇ ಎತ್ತುವ ಅಭ್ಯಾಸ ಮಾಡಿಕೊಳ್ಳಿ. ತಿರುಗುತ್ತಿರುವಾಗಲೇ ಎತ್ತಿದರೆ ಹಲ್ಲು ಒಂದೇ ಏಟಿಗೆ ಹೋಗುತ್ತದೆ.

ಜಾರಿನ ಬುಡದಿಂದ ಸೋರುತ್ತಿದೆ

ಸುಮ್ನೆ ಜಾರಿಗೆ ಅರ್ಧ ನೀರು ಹಾಕಿ ಬಿಳಿ ಕಾಗದದ ಮೇಲೆ ಹತ್ತು ನಿಮಿಷ ಇಡಿ. ಕಾಗದ ಒಣಗಿದ್ದರೆ ಸೋರುತ್ತಿರುವುದು ಮುಚ್ಚಳದಿಂದ, ಅಂದರೆ ಮುಚ್ಚಳದ ರಬ್ಬರ್ ವಾಷರ್ ಹಳೆಯದಾಗಿದೆ ಇಲ್ಲವೇ ಜಾರ್ ತುಂಬಾ ತುಂಬಿದೆ. ಕಾಗದ ಒದ್ದೆಯಾದರೆ ಬುಷ್ಷಿನ ಸೀಲ್ ಹೋಗಿದೆ. ಬ್ಲೇಡ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಬುಷ್ಷೂ ಸವೆದಿದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಅಲ್ಲಾಡಿಸಿ.

ಇದನ್ನು ಮುಂದಕ್ಕೆ ಹಾಕಬೇಡಿ. ಸೋರಿದ ನೀರು ಕಪ್ಲರಿನ ದಾರಿಯಲ್ಲಿ ಮೋಟಾರಿನೊಳಕ್ಕೆ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಚಟ್ನಿಯಲ್ಲಿ ಕಪ್ಪು ಗೆರೆ ಕಂಡರೆ ಅದು ಬುಷ್ಷಿನ ಗ್ರೀಸು, ಸವೆದ ಲೋಹ. ಆ ಚಟ್ನಿ ಚೆಲ್ಲಿ. ಹಬ್ಬದ ಊಟಕ್ಕೆ ಮಾಡಿದ್ದಾದರೂ ಚೆಲ್ಲಿ. ಬುಷ್ ಹಾಕಿಸುವವರೆಗೆ ಆ ಜಾರ್ ಬಳಸಬೇಡಿ.

ನೀರು ಈಗಾಗಲೇ ಮೋಟಾರಿಗೆ ಇಳಿದಿದ್ದರೆ ಪ್ಲಗ್ ತೆಗೆದು, ಮಗುಚಿ, ಗಾಳಿಯಾಡುವ ಕಡೆ ಎರಡು ದಿನ ಇಡಿ. ಬಿಸಿಲಿಗೆ ಇಡಬಹುದು. ಒಲೆಯ ಪಕ್ಕ ಬೇಡ. ಹಾಲು, ಹಿಟ್ಟು ಇಳಿದಿದ್ದರೆ ಒಣಗಿಸಿದರೆ ಸಾಲದು, ಬಿಚ್ಚಿ ಒರೆಸಬೇಕು.

ಸುಟ್ಟ ವಾಸನೆ

ವಾಸನೆ ಮೂರು ಥರ. ಮೂಗಿಗೆ ಒಂದು ಸಲ ಪರಿಚಯವಾದರೆ ಮರೆಯುವುದಿಲ್ಲ.

ರಬ್ಬರ್ ಸುಟ್ಟ ವಾಸನೆ ಬಂದರೆ ಕಪ್ಲರ್ ಜಾರುತ್ತಿದೆ. ಪ್ಲಾಸ್ಟಿಕ್ ಸುಟ್ಟ, ಕಣ್ಣುರಿಸುವ ವಾಸನೆ ಬಂದರೆ ಪ್ಲಗ್, ಸಾಕೆಟ್, ಇಲ್ಲವೇ ಸ್ವಿಚ್ ಕಾದಿದೆ. ಪ್ಲಗ್ ಪಿನ್ ಮುಟ್ಟಲಾರದಷ್ಟು ಬಿಸಿ ಇರುತ್ತದೆ, ಹುಷಾರು. ಮೂರನೆಯದು ಬಣ್ಣ, ವಾರ್ನಿಷ್ ಕಾದಂಥ ಗಾಢ ವಾಸನೆ. ಅದು ವೈಂಡಿಂಗ್‌ನದು. ಹೊಸ ಮಿಕ್ಸಿಯಲ್ಲಿ ಮೊದಲ ಕೆಲವು ಸಲ ಇದು ತೆಳುವಾಗಿ ಬಂದರೆ ಗಾಬರಿ ಬೇಡ, ಮೋಟಾರಿನ ವಾರ್ನಿಷ್ ಬಿಸಿಯಾದಾಗ ಹಾಗಾಗುತ್ತದೆ. ಹಳೇ ಮಿಕ್ಸಿಯಲ್ಲಿ ಬಂದರೆ ನಿಲ್ಲಿಸಿ. ಹೊಗೆಯೂ ಬಂದಿದ್ದರೆ ಮತ್ತೆ ಆನ್ ಮಾಡಲೇಬೇಡಿ.

ಕಾರಣ ಹೆಚ್ಚಾಗಿ ನಾವು ಕೊಡುವ ಕೆಲಸವೇ. ಇಲ್ಲಿ ಸ್ವಲ್ಪ ಹಳೇ ಮಾತು ಹೇಳಬೇಕು. 1960ರ ದಶಕದಲ್ಲಿ ಮುಂಬೈನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಸುಮೀತ್ ಮಿಕ್ಸಿ ಮಾಡಲು ಹೊರಟಿದ್ದೇ ಮನೆಯಲ್ಲಿದ್ದ ವಿದೇಶಿ ಯಂತ್ರ ನಮ್ಮ ಅಡುಗೆಯ ಹೊರೆ ತಾಳದೆ ಸುಟ್ಟದ್ದರಿಂದ. ಅದು ಮೆತ್ತನೆ ಹಣ್ಣು, ಹಾಲು ಕಲಸಲು ಮಾಡಿದ್ದು. ನಮ್ಮಲ್ಲಿ ಒಣ ಅರಿಶಿನ, ಕೊಬ್ಬರಿ, ನೆನೆದ ಉದ್ದಿನಬೇಳೆ, ಗಟ್ಟಿ ಹೂರಣ. ಈಗಿನ 500, 750 ವ್ಯಾಟ್ ಮೋಟಾರಿಗೂ ಮಿತಿ ಇದೆ. ಬುಡದ ಚೀಟಿಯಲ್ಲಿ 30 ನಿಮಿಷ ಅಂತ ಬರೆದಿದ್ದರೆ ಬಿಡದೆ ಓಡಿಸಬಹುದು ಅಂತ ಅರ್ಥವಲ್ಲ. 5 ನಿಮಿಷ ಓಡಿಸಿ 2 ನಿಮಿಷ ಬಿಡಿ ಅಂತ ಎಷ್ಟೋ ಕೈಪಿಡಿಗಳಲ್ಲಿ ಇದೆ. ಗಟ್ಟಿ ಪದಾರ್ಥಕ್ಕೆ ನಾನು 1 ನಿಮಿಷಕ್ಕೇ ನಿಲ್ಲಿಸುತ್ತೇನೆ. ಅರಿಶಿನದ ಕೊಂಬನ್ನು ಮಿಕ್ಸಿಗೆ ಹಾಕುವುದೇ ಇಲ್ಲ, ಅದು ಗಿರಣಿಯ ಕೆಲಸ.

ಬುಡದ ಗಾಳಿ ಕಿಂಡಿಗಳನ್ನೂ ನೋಡಿ. ಬಟ್ಟೆ ಹಾಸಿ ಅದರ ಮೇಲೆ ಮಿಕ್ಸಿ ಇಡುವವರಿದ್ದಾರೆ. ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಜಿರಳೆ ಸೇರಿಕೊಂಡಿರುವುದೂ ಈ ಕಿಂಡಿಯಿಂದಲೇ.

ಒಳಗೆ ಕಿಡಿ ಕಾಣುತ್ತದೆ

ಕತ್ತಲಲ್ಲಿ ಕಿಂಡಿಯಿಂದ ನೋಡಿದರೆ ಸಣ್ಣ ನೀಲಿ ಕಿಡಿ ಕಾರ್ಬನ್ ಬ್ರಷ್ ಇರುವ ಎಲ್ಲ ಮಿಕ್ಸಿಯಲ್ಲೂ ಇರುತ್ತದೆ. ಕಾರ್ಬನ್ ಬ್ರಷ್ ಎರಡು ಕಡೆಯಿಂದ ತಿರುಗುವ ತಾಮ್ರವನ್ನು ಒರೆಸುತ್ತಿರುತ್ತದಲ್ಲ, ಅದಕ್ಕೆ. ಕಿಡಿ ಹಳದಿಯಾಗಿ, ದೊಡ್ಡದಾಗಿ, ಚಟಪಟ ಅಂದರೆ ಬ್ರಷ್ ಸವೆದಿದೆ. ಓಡುತ್ತಾ ಓಡುತ್ತಾ ನಿಂತು, ತಟ್ಟಿದರೆ ಮತ್ತೆ ಓಡುವುದೂ ಇದರದೇ ಗುರುತು. ಬ್ರಷ್ ಜೋಡಿಯಾಗಿಯೇ ಹಾಕಿಸಿ, ಒಂದನ್ನು ಮಾತ್ರ ಅಲ್ಲ. ತಾಮ್ರದ ಸುತ್ತ ಬೆಂಕಿಯ ಬಳೆ ಸುತ್ತಿದ ಹಾಗೆ ಕಂಡರೆ ಆರ್ಮೇಚರಿಗೇ ಪೆಟ್ಟಾಗಿದೆ. ಆಗ ಖರ್ಚು ದೊಡ್ಡದು.

ಶಾಕ್ ಹೊಡೆಯುತ್ತದೆ, ಎಂಸಿಬಿ ಬೀಳುತ್ತದೆ

ಸಣ್ಣಗೆ ಜುಂ ಅಂದರೂ ಅದು ಶಾಕೇ. ಚಪ್ಪಲಿ ಹಾಕಿಕೊಂಡು ರುಬ್ಬಿದರೆ ಆಯ್ತು ಅನ್ನುವುದು ಪರಿಹಾರವಲ್ಲ. ಪ್ಲಗ್ ಕಿತ್ತು ಮೂಲೆಗಿಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಬದಲಿಸಿದ್ದರೆ, ಮನೆಗೆ ಅರ್ತಿಂಗ್ ಇಲ್ಲದಿದ್ದರೆ, ಮೊದಲು ಅದನ್ನು ಸರಿಮಾಡಿಸಿ. ಮಿಕ್ಸಿ ಹಾಕಿದ ಕೂಡಲೇ ಎಂಸಿಬಿ ಬಿದ್ದರೆ ಒಳಗೆ ಶಾರ್ಟ್ ಆಗಿದೆ. ಇನ್ನೊಂದು ಸಲ ಹಾಕಿ ನೋಡೋಣ ಅನ್ನುವ ಆಸೆ ಬೇಡ. ಇಲ್ಲಿ ಮನೆಯ ಪರೀಕ್ಷೆ ಮುಗಿಯಿತು.

ನುಣ್ಣಗಾಗುತ್ತಿಲ್ಲ, ಬೆಣ್ಣೆ ಬರುತ್ತಿಲ್ಲ

ಇದನ್ನು ದೋಷ ಅಂದುಕೊಂಡು ಬ್ಲೇಡ್ ಬದಲಿಸುವವರು ಬಹಳ. ಬ್ಲೇಡ್ ಸುತ್ತ ಖಾಲಿ ಗುಳಿ ಬಿದ್ದು, ಪದಾರ್ಥವೆಲ್ಲ ಗೋಡೆಗೆ ಮೆತ್ತಿದೆಯಾ ನೋಡಿ. ಬ್ಲೇಡ್ ಗಾಳಿಯಲ್ಲಿ ತಿರುಗುತ್ತಿದೆ ಅಷ್ಟೇ. ನಿಲ್ಲಿಸಿ, ಚಮಚದಲ್ಲಿ ಕೆಳಗೆ ತಳ್ಳಿ, ಎರಡು ಚಮಚ ನೀರು ಹಾಕಿ, ಬಿಟ್ಟು ಬಿಟ್ಟು ಓಡಿಸಿ. ಎರಡು ಚಮಚ ಕಾಯಿತುರಿಯನ್ನು ದೊಡ್ಡ ಜಾರಿಗೆ ಹಾಕಿದರೂ ಹೀಗೇ ಆಗುತ್ತದೆ. ಮುಕ್ಕಾಲಿಗಿಂತ ಜಾಸ್ತಿ ತುಂಬಿದರೂ ತರಿತರಿ. ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡ್ ಹರಿತವಾಗುತ್ತದೆ ಅನ್ನುತ್ತಾರೆ. ಅಂಟಿದ ಕೊಳೆ ಬಿಡುತ್ತದೆ, ನಿಜ. ಮೊಂಡಾದ ಅಂಚು ಅದರಿಂದ ಹರಿತವಾಗುವುದನ್ನು ನಾನು ಕಂಡಿಲ್ಲ.

ಇಡ್ಲಿ ಹಿಟ್ಟಿಗೆ ಫ್ರಿಜ್ಜಿನ ನೀರು ಹಾಕಿ. ಮಿಕ್ಸಿಯ ವೇಗಕ್ಕೆ ಉದ್ದಿನಹಿಟ್ಟು ಕಾಯುತ್ತದೆ, ಕಾದ ಹಿಟ್ಟು ಚೆನ್ನಾಗಿ ಉಬ್ಬುವುದಿಲ್ಲ.

ಕೆನೆ ಕಡೆಯುವಾಗಲೂ ಅಷ್ಟೇ, ಎಲ್ಲ ಬಿಸಿಯ ಮೇಲಿದೆ. ಹಾಲಿನ ಕೆನೆಯಲ್ಲಿ ಜಿಡ್ಡಿನ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಬಡಿದಾಗ ಅವು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ಕೆನೆ ಬೆಚ್ಚಗಿದ್ದರೆ ಜಿಡ್ಡು ಮೆತ್ತಗಾಗಿ ಅಂಟದೆ ಜಾರುತ್ತದೆ, ನೊರೆ ನೊರೆಯಾಗಿಯೇ ಉಳಿಯುತ್ತದೆ. ತೀರಾ ಥಂಡಿಯಿದ್ದರೆ ಗಟ್ಟಿಯಾಗಿ ಬ್ಲೇಡಿಗೆ ಸಿಗುವುದಿಲ್ಲ. 12ರಿಂದ 15 ಡಿಗ್ರಿ ಹದ, ಅಂದರೆ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತಾದ ಮೇಲೆ. ಬಿಟ್ಟು ಬಿಟ್ಟು ತಿರುಗಿಸಿ. ಕೆನೆ ಬೆಚ್ಚಗಾಯಿತು ಅನ್ನಿಸಿದರೆ ಎರಡು ಐಸ್ ತುಂಡು ಹಾಕಿ. ಸದ್ದು ಬದಲಾಗುತ್ತದೆ, ಚಳ್ ಚಳ್ ಅಂತ ಮಜ್ಜಿಗೆ ಬೇರೆಯಾದದ್ದು ಕಿವಿಗೇ ಗೊತ್ತಾಗುತ್ತದೆ. ಆಗ ನಿಲ್ಲಿಸಿ.

ಮಕ್ಕಳು ಕೇಳುವ ಮಯೋನೀಸ್ ಒಡೆದರೆ ಕಾರಣ ಉಲ್ಟಾ. ಅಲ್ಲಿ ಎಣ್ಣೆ ಬೇರೆಯಾಗಬಾರದು. ಎಣ್ಣೆಯನ್ನು ಒಂದೇ ಸಲ ಸುರಿಯದೆ ದಾರದಂತೆ ಬಿಡಿ. ಒಡೆದದ್ದನ್ನು ಬೇರೆ ಪಾತ್ರೆಗೆ ತೆಗೆದು, ಜಾರಿಗೆ ಹೊಸ ಮೊಟ್ಟೆಯ ಹಳದಿ ಹಾಕಿ ಓಡಿಸುತ್ತಾ ಒಡೆದದ್ದನ್ನು ಚಮಚ ಚಮಚವೇ ಸೇರಿಸಿದರೆ ಕೂಡಿಕೊಳ್ಳುತ್ತದೆ.

ಬಿಸಿ ಬಿಸಿ ಟೊಮ್ಯಾಟೊ, ಬೆಂದ ಸೊಪ್ಪು ಮುಚ್ಚಿದ ಜಾರಿಗೆ ಹಾಕಬೇಡಿ. ಬ್ಲೇಡ್ ತಿರುಗಿದ ಕೂಡಲೇ ಹಬೆ ಒಮ್ಮೆಲೇ ಎದ್ದು ಮುಚ್ಚಳ ಹಾರುತ್ತದೆ. ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಬೆರಳು ಅದ್ದಿದರೆ ಉಗುರುಬೆಚ್ಚಗೆ ಅನ್ನಿಸಬೇಕು, ಅಲ್ಲಿವರೆಗೆ ಕಾಯಿರಿ.

ವೇಗ ಸಾಲುತ್ತಿಲ್ಲ

ಮನೆಯ ಬಲ್ಬು, ಫ್ಯಾನು ನೋಡಿ. ಅವೂ ಮಂಕಾಗಿದ್ದರೆ ವೋಲ್ಟೇಜ್ ಕಡಿಮೆ ಇದೆ. ಹಳ್ಳಿಗಳಲ್ಲಿ ಸಂಜೆ ಹೊತ್ತು ಇದು ದಿನದ ಮಾತು. ಆ ಹೊತ್ತಿನಲ್ಲಿ ಗಟ್ಟಿ ಪದಾರ್ಥ ರುಬ್ಬಬೇಡಿ. ಇನ್ವರ್ಟರ್ ಮೇಲೂ ಬೇಡ.

ಊರಿನಿಂದ ಅಮೆರಿಕಕ್ಕೆ ಮಿಕ್ಸಿ ಒಯ್ದವರಿಗೂ ಇದೇ ದೂರು. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಮಿಕ್ಸಿ ಕುಂಟುತ್ತದೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಶಕ್ತಿ ಮಿಕ್ಸಿಯ ವ್ಯಾಟಿನ ಎರಡು ಪಟ್ಟು ಇದ್ದರೆ ಒಳ್ಳೆಯದು. 110 ವೋಲ್ಟಿನ ಮಾಡೆಲನ್ನೇ ಕೊಂಡರೆ ಈ ತಲೆನೋವಿಲ್ಲ.

ರಿಪೇರಿ ಅಂಗಡಿಗೆ ಹೋಗುವಾಗ

ಕೆಟ್ಟಿದೆ ಅಂತಷ್ಟೇ ಹೇಳಬೇಡಿ. ಜಾರ್ ಇಲ್ಲದೆ ಓಡಿತೋ ಇಲ್ಲವೋ, ಯಾವ ವಾಸನೆ ಬಂತು, ಯಾವ ನಂಬರಿನಲ್ಲಿ ನಿಂತಿತು, ಆಗ ಏನು ರುಬ್ಬುತ್ತಿದ್ದಿರಿ, ಇಷ್ಟು ಹೇಳಿ. ತೊಂದರೆ ಕೊಟ್ಟ ಜಾರನ್ನೂ ಒಯ್ಯಿರಿ. ಬದಲಿಸಿದ ಹಳೇ ಸಾಮಾನು ವಾಪಸ್ ಕೇಳಿ. ಕಪ್ಲರ್, ಬ್ರಷ್, ಬುಷ್, ಸ್ವಿಚ್, ಇವೆಲ್ಲ ಹಾಕಿಸಿಕೊಳ್ಳಬಹುದಾದ ಖರ್ಚು. ಆರ್ಮೇಚರ್ ಮತ್ತು ಅದರ ಸುತ್ತ ತಿರುಗದೆ ಇರುವ ತಂತಿ ಸುತ್ತು, ಅಂದರೆ ಫೀಲ್ಡ್ ಕಾಯಿಲ್, ಎರಡೂ ಹೋಗಿವೆ ಅಂದರೆ ಹೊಸ ಮಿಕ್ಸಿಯ ಬೆಲೆ ವಿಚಾರಿಸಿದ ಮೇಲೆಯೇ ಹ್ಞೂಂ ಅನ್ನಿ. ಹಾಗೆ ಕೈಬಿಟ್ಟರೂ ಜಾರ್‌ಗಳನ್ನು ಎಸೆಯಬೇಡಿ. ಅದೇ ಕಂಪನಿಯ ಅದೇ ಮಾಡೆಲ್ ಕೊಂಡರೆ ಅವು ಕೂರುತ್ತವೆ.